ಕೇಳಿ, ಹೇಳುತ್ತೇನೆ: ಕೈಕೊಟ್ಟ ಕಾರ್ಡು, ಓದಲಾಗದ ಪೆನ್ ಡ್ರೈವ್

ಪ್ರಶ್ನೆ: ಕ್ಯಾಮೆರಾದ 64 ಜಿಬಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಾಗ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆ ಬಂತು. ಗಾಬರಿಯಲ್ಲಿ ಒಪ್ಪಿಗೆ ಒತ್ತಿಬಿಟ್ಟೆ. ಕೆಲವೇ ಕ್ಷಣಗಳಲ್ಲಿ ಮುಗಿಯಿತು, ಈಗ ಕಾರ್ಡ್ ಖಾಲಿ. ಮಗಳ ಮೊದಲ ವರ್ಷದ ಫೋಟೊ, ವಿಡಿಯೊ ಎಲ್ಲ ಅದರಲ್ಲೇ ಇದ್ದವು. ಕಾರ್ಡ್ ಸರಿಯಿದೆಯೇ ಎಂದು ನೋಡಲು ಆಮೇಲೆ ಎರಡು ಮೂರು ಫೋಟೊ ತೆಗೆದೆ. ಇನ್ನು ಆಸೆ ಬಿಡಬೇಕೇ?

ಉತ್ತರ: ಬಿಡಬೇಡಿ. ಕಾರ್ಡ್ ಇನ್ನೂ ಕ್ಯಾಮೆರಾದಲ್ಲೇ ಇದ್ದರೆ ಈಗಲೇ ಹೊರತೆಗೆಯಿರಿ, ಮಿಕ್ಕಿದ್ದನ್ನು ಆಮೇಲೆ ಓದಿ.

ಕೆಲವೇ ಕ್ಷಣಗಳಲ್ಲಿ ಮುಗಿಯಿತು ಎಂದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಮಾತು ಅದೇ. ಅಂದರೆ ಆದದ್ದು ‘ಕ್ವಿಕ್ ಫಾರ್ಮ್ಯಾಟ್’. ಯಾವ ಫೈಲು ಎಲ್ಲಿದೆ, ಯಾವ ಜಾಗ ಖಾಲಿ ಎಂಬ ಲೆಕ್ಕವನ್ನಷ್ಟೇ ಅದು ಹೊಸದಾಗಿ ಬರೆಯುತ್ತದೆ. ಫೋಟೊಗಳಿದ್ದ ಜಾಗವನ್ನು ಮುಟ್ಟುವುದಿಲ್ಲ. ಪೂರ್ಣ ಫಾರ್ಮ್ಯಾಟ್ ಆಗಿದ್ದರೆ ಕಥೆಯೇ ಬೇರೆ: ವಿಂಡೋಸ್ ವಿಸ್ತಾದಿಂದ ಈಚೆಗೆ ಅದು ಕಾರ್ಡಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ, ಹಾಗಾದಾಗ ವಾಪಸ್ ತರಲು ಏನೂ ಉಳಿಯುವುದಿಲ್ಲ. ನೀವು ಆಮೇಲೆ ತೆಗೆದ ಎರಡು ಮೂರು ಫೋಟೊಗಳು ಹಳೆಯ ಕೆಲವು ಚಿತ್ರಗಳ ಮೇಲೆ ಕೂತಿರಬಹುದು. ಅಷ್ಟು ನಷ್ಟಕ್ಕೆ ಮನಸ್ಸು ಗಟ್ಟಿಮಾಡಿಕೊಳ್ಳಿ. ಉಳಿದವು ಅಲ್ಲೇ ಇವೆ, ಇನ್ನೊಂದು ಅಕ್ಷರವೂ ಆ ಕಾರ್ಡಿಗೆ ಬರೆಯದಿದ್ದರೆ ಮಾತ್ರ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಮೇಜಿಗೆ ಬರುವ ಕಾರ್ಡುಗಳಲ್ಲಿ ಮೊದಲ ಪೆಟ್ಟಿಗಿಂತ ಆಮೇಲಿನ ಚಿಕಿತ್ಸೆಯಿಂದ ಹಾಳಾದವನ್ನು ನೋಡಿ ನೋಡಿ ಸಂಕಟವಾಗುತ್ತದೆ. ಸಿಕ್ಕ ಸಿಕ್ಕ ರಿಕವರಿ ತಂತ್ರಾಂಶ ಓಡಿಸಿ, ಸಿಕ್ಕಿದ ಫೋಟೊಗಳನ್ನು ಅದೇ ಕಾರ್ಡಿಗೆ ಉಳಿಸಿರುತ್ತಾರೆ. ಮರಳಿ ಪಡೆದ ಒಂದು ಚಿತ್ರ, ಇನ್ನೂ ಪಡೆಯದ ಇನ್ನೊಂದನ್ನು ಅಳಿಸಿರುತ್ತದೆ. ಕಾರ್ಡನ್ನು ಫೋನಿಗೆ ಹಾಕಿ ನೋಡುವುದೂ ಬೇಡ. ಫೋನ್ ತನಗೆ ಬೇಕಾದ ಫೋಲ್ಡರುಗಳನ್ನು ನಿಮ್ಮನ್ನು ಕೇಳದೆಯೇ ಅದರಲ್ಲಿ ಬರೆದುಬಿಡುತ್ತದೆ.

ದೊಡ್ಡ ಎಸ್‌ಡಿ ಕಾರ್ಡಾದರೆ ಪಕ್ಕದ ಪುಟ್ಟ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ. ಅದನ್ನೇ ಪೂರ್ತಿ ನಂಬಬೇಡಿ. ಅದು ಕಾರ್ಡ್ ರೀಡರಿಗೆ ಕೊಡುವ ಸೂಚನೆ ಅಷ್ಟೆ, ಪಾಲಿಸುವುದು ಬಿಡುವುದು ರೀಡರಿನ ಕೈಯಲ್ಲಿದೆ. ನಂತರ ಇಡೀ ಕಾರ್ಡಿನ ಇಮೇಜ್ ತೆಗೆಯಿರಿ. ಅಂದರೆ ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ, ಖಾಲಿ ಎಂದು ತೋರಿಸುವ ಜಾಗವನ್ನೂ ಸೇರಿಸಿ, ಇದ್ದದ್ದು ಇದ್ದಹಾಗೆ ಒಂದು ದೊಡ್ಡ ಫೈಲಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. 64 ಜಿಬಿ ಕಾರ್ಡಿಗೆ ಅಷ್ಟೇ ಜಾಗ ಖಾಲಿ ಬೇಕು. ನಾನು ಬಳಸುವುದು ಲಿನಕ್ಸಿನ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ತೆಗೆದುಕೊಂಡು, ತಕರಾರು ಮಾಡುವ ಜಾಗಗಳಿಗೆ ಕೊನೆಯಲ್ಲಿ ಕೈಹಾಕುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಸಾಯುತ್ತಿರುವ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ಇಮೇಜ್ ಕೈಗೆ ಬಂತೆಂದರೆ ಕಾರ್ಡನ್ನು ಎತ್ತಿಡಿ. ಇನ್ನು ಎಲ್ಲ ಪ್ರಯೋಗವೂ ಇಮೇಜಿನ ಮೇಲೆ. ಕ್ರಿಸ್ತೋಫ್ ಗ್ರೆನಿಯೆ ಬರೆದ ಫೋಟೊರೆಕ್ ಉಚಿತವಾಗಿ ಸಿಗುತ್ತದೆ, ಮುಕ್ತ ತಂತ್ರಾಂಶ. ಅಳಿದ ಲೆಕ್ಕವನ್ನು ಅದು ನೆಚ್ಚಿಕೊಳ್ಳುವುದಿಲ್ಲ, ಫೈಲಿನ ಗುರುತನ್ನೇ ಹುಡುಕುತ್ತದೆ. ಜೆಪೆಗ್ ಚಿತ್ರ ಯಾವಾಗಲೂ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಬೈಟುಗಳಿಂದ ಶುರುವಾಗುತ್ತದೆ, ಅದನ್ನು ಕಂಡಲ್ಲಿಂದ ಚಿತ್ರವನ್ನು ಎತ್ತಿಕೊಳ್ಳುತ್ತದೆ. ಹಳೆಯ ಹೆಸರು, ಫೋಲ್ಡರು ಬರುವುದಿಲ್ಲ. ಆದರೆ ಫೋಟೊ ತೆಗೆದ ದಿನಾಂಕ, ಸಮಯ ಚಿತ್ರದೊಳಗೇ ಇರುವುದರಿಂದ ಮಗಳ ವರ್ಷವನ್ನು ತಿಂಗಳುವಾರು ಮತ್ತೆ ಜೋಡಿಸಬಹುದು.

ವಿಡಿಯೊ ಕಷ್ಟ. ಉದ್ದದ ಫೈಲು ಕಾರ್ಡಿನಲ್ಲಿ ತುಂಡು ತುಂಡಾಗಿ ಹಂಚಿಹೋಗಿದ್ದರೆ ಗುರುತು ಹಿಡಿದು ಹುಡುಕುವ ಈ ವಿಧಾನ ಸೋಲುತ್ತದೆ. ಎಂಪಿ4 ಫೈಲು ಓಡಲು ಬೇಕಾದ ವಿವರವನ್ನು ಅನೇಕ ಕ್ಯಾಮೆರಾಗಳು ರೆಕಾರ್ಡಿಂಗ್ ನಿಂತ ಮೇಲೆ ಕೊನೆಯಲ್ಲಿ ಬರೆಯುತ್ತವೆ, ಅದು ತಪ್ಪಿಹೋದರೆ ದೃಶ್ಯವಿದ್ದೂ ಫೈಲು ತೆರೆಯದು. ತೆರೆಯಲಿಲ್ಲವೆಂದು ಇಮೇಜನ್ನು ಅಳಿಸಬೇಡಿ. ಅದೇ ಕ್ಯಾಮೆರಾದ ಚೆನ್ನಾಗಿರುವ ಒಂದು ವಿಡಿಯೊವನ್ನು ಮಾದರಿಯಾಗಿಟ್ಟುಕೊಂಡು ರಿಪೇರಿ ಮಾಡುವ ಸಾಧನಗಳೂ ಇವೆ.

ಪ್ರಶ್ನೆ: ಕಾರ್ಡಿನ ದೋಷ ಸರಿಪಡಿಸಲು ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದೆ. ಫೋಲ್ಡರುಗಳೆಲ್ಲ ಹೋಗಿ ‘ಫೌಂಡ್.000’ ಎಂಬುದೊಂದು ಬಂದಿದೆ. ಅಳಿಸಲೇ?

ಉತ್ತರ: ಖಂಡಿತ ಬೇಡ. ದಿಕ್ಕುದೆಸೆಯಿಲ್ಲದೆ ಉಳಿದ ನಿಮ್ಮ ಫೈಲುಗಳ ತುಣುಕುಗಳೇ ಅದರೊಳಗಿನ ‘ಸಿಎಚ್‌ಕೆ’ ಫೈಲುಗಳು. ಬೇರೆ ಡಿಸ್ಕಿಗೆ ನಕಲಿಸಿ, ನಕಲಿನ ಮೇಲೆ ವಿಸ್ತರಣೆ (ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳು) ಬದಲಿಸಿ ತೆರೆದು ನೋಡಿ. ಚೆಕ್‌ಡಿಸ್ಕಿನ ಕೆಲಸ ಕಾರ್ಡಿನ ಲೆಕ್ಕವನ್ನು ಸರಿಹೊಂದಿಸುವುದು. ಅದಕ್ಕಾಗಿ ನಿಮ್ಮ ಫೈಲನ್ನು ಕತ್ತರಿಸಲೂ ಹಿಂಜರಿಯದು. ಇಮೇಜ್ ತೆಗೆಯುವ ಮುನ್ನ ಅದನ್ನು ಓಡಿಸಬಾರದು.

ಪ್ರಶ್ನೆ: ಪೆನ್ ಡ್ರೈವ್ ಚುಚ್ಚಿದ್ದಾಗ ತಗುಲಿ ಬಾಗಿತು. ಒಂದು ಕೋನದಲ್ಲಿ ಒತ್ತಿ ಹಿಡಿದರೆ ದೀಪ ಹತ್ತುತ್ತದೆ. ಹಾಗೇ ಹಿಡಿದು ನಕಲಿಸಲೇ?

ಉತ್ತರ: ಆ ಆಸೆ ಅರ್ಥವಾಗುತ್ತದೆ, ಆದರೆ ಹಾಗೆ ಮಾಡಬೇಡಿ. ಯುಎಸ್‌ಬಿ 2.0 ಕನೆಕ್ಟರಿನಲ್ಲಿ ನಾಲ್ಕು ಎಳೆ: 5 ವೋಲ್ಟ್, ಗ್ರೌಂಡ್, ದತ್ತಾಂಶಕ್ಕೆ ಎರಡು. ಒತ್ತುವಾಗ 5 ವೋಲ್ಟಿನ ಎಳೆ ದತ್ತಾಂಶದ ಎಳೆಗೆ ತಗುಲಿದರೆ ಕಂಟ್ರೋಲರ್, ಅಂದರೆ ಮೆಮೊರಿಯ ಓದು ಬರಹ ನಿಭಾಯಿಸುವ ಚಿಪ್ಪು, ಸುಟ್ಟುಹೋಗಬಹುದು. ಸೂಕ್ಷ್ಮ ಬೆಸುಗೆ ಬಲ್ಲವರು ಬೋರ್ಡಿನ ಪ್ಯಾಡುಗಳಿಗೆ ನೇರವಾಗಿ ತಂತಿ ಹಾಕಿ ಓದಬಲ್ಲರು. ಬೋರ್ಡ್ ಸೀಳಿಲ್ಲದಿದ್ದರೆ ಇಂಥವು ಚೆನ್ನಾಗಿಯೇ ಬದುಕುತ್ತವೆ.

ಬೆಸುಗೆಯಾದ ಮೇಲೂ ಗಾತ್ರ ಸೊನ್ನೆ ತೋರಿಸಿದರೆ, ‘ಡಿಸ್ಕ್ ಹಾಕಿ’ ಎಂದರೆ, ಕಂಟ್ರೋಲರ್ ಹೋಗಿರುವ ಲಕ್ಷಣ. ಆಗ ಯಾವ ತಂತ್ರಾಂಶವೂ ಕೆಲಸಕ್ಕೆ ಬಾರದು. ಮೆಮೊರಿ ಚಿಪ್ಪನ್ನು ಬಿಚ್ಚಿ ಓದುವುದುಂಟು. ಆದರೆ ಕಂಟ್ರೋಲರ್ ದತ್ತಾಂಶವನ್ನು ಕಲಸಿ, ಚಿಪ್ಪಿನ ತುಂಬ ಹಂಚಿ, ದೋಷ ತಿದ್ದುವ ಸಂಕೇತ ಸೇರಿಸಿ ಬರೆದಿರುತ್ತದೆ. ಅದನ್ನೆಲ್ಲ ತಿರುಗುಮುರುಗಾಗಿ ಬಿಡಿಸಬೇಕು. ಅದು ಪ್ರಯೋಗಾಲಯದ ಕೆಲಸ.

ಪ್ರಶ್ನೆ: ಹಳೆಯ ಫೋನಿನ ಮೈಕ್ರೊ ಎಸ್‌ಡಿ ಕಾರ್ಡನ್ನು ಹೊಸ ಫೋನಿಗೆ ಹಾಕಿದರೆ ಹಾಳಾಗಿದೆ ಎನ್ನುತ್ತದೆ.

ಉತ್ತರ: ಹಳೆಯ ಫೋನಿನಲ್ಲಿ ಕಾರ್ಡನ್ನು ‘ಆಂತರಿಕ ಸಂಗ್ರಹ’ವಾಗಿ ಬಳಸುತ್ತಿದ್ದಿರಾ? 2015ರ ಆಂಡ್ರಾಯ್ಡ್ 6ರಿಂದ ಈ ಸೌಲಭ್ಯವಿದೆ, ಹಾಗೆ ಬಳಸಿದ ಕಾರ್ಡ್ ಗೂಢಲಿಪಿಯಲ್ಲಿರುತ್ತದೆ. ಅದರ ಕೀಲಿ ಇರುವುದು ಹಳೆಯ ಫೋನಿನಲ್ಲಿ. ಅದಕ್ಕೇ ಮರಳಿ ಹಾಕಿ ನಕಲಿಸಿಕೊಳ್ಳಿ. ಆ ಫೋನನ್ನು ರೀಸೆಟ್ ಮಾಡಿದರೆ ಕೀಲಿಯೂ ಹೋಗುತ್ತದೆ.

ಪ್ರಶ್ನೆ: ಹೆಸರೇ ಕೇಳದ ಕಂಪನಿಯ 2 ಟಿಬಿ ಪೆನ್ ಡ್ರೈವಿಗೆ ಎಲ್ಲವನ್ನೂ ಹಾಕಿಟ್ಟಿದ್ದೆ. ಹೆಸರುಗಳಿವೆ, ಗಾತ್ರವೂ ಸರಿಯಿದೆ, ಯಾವ ಫೈಲೂ ತೆರೆಯುತ್ತಿಲ್ಲ.

ಉತ್ತರ: ಹೇಳಲು ಬೇಸರವಾಗುತ್ತದೆ. ಬಹುಪಾಲು ಅದು ನಕಲಿ. ಒಳಗಿರುವುದು ಸಣ್ಣ ಚಿಪ್ಪು, 2 ಟಿಬಿ ಎಂದು ಸುಳ್ಳು ಹೇಳುವಂತೆ ಕಂಟ್ರೋಲರನ್ನು ತಿದ್ದಿರುತ್ತಾರೆ. ನಿಜವಾದ ಗಾತ್ರ ಮೀರಿದ ಮೇಲೆ ಹಾಕಿದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಮೊದಲಿನದರ ಮೇಲೆಯೇ ಬೀಳುತ್ತದೆ. ಮೊದಮೊದಲು ಹಾಕಿದ ಫೈಲುಗಳನ್ನು ತೆರೆದು ನೋಡಿ, ಕೆಲವು ಉಳಿದಿರಬಹುದು. ಮೂಲ ಪ್ರತಿಗಳಿದ್ದ ಕಂಪ್ಯೂಟರ್ ಇನ್ನೂ ಇದ್ದರೆ ಅದರ ಬಳಕೆ ನಿಲ್ಲಿಸಿ. ಅಲ್ಲಿಂದ ಅಳಿಸಿದ್ದು ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಾದರೆ ಸಿಗುವ ಸಾಧ್ಯತೆ ಪೆನ್ ಡ್ರೈವಿಗಿಂತ ಹೆಚ್ಚು. ಎಸ್‌ಎಸ್‌ಡಿ (ಮೆಮೊರಿ ಚಿಪ್ಪುಗಳ ಡಿಸ್ಕ್) ಆಗಿದ್ದರೆ ಕಡಿಮೆ, ಏಕೆಂದರೆ ಈ ಜಾಗ ಇನ್ನು ಬೇಡ ಎಂದು ಕಂಪ್ಯೂಟರ್ ಕಳಿಸುವ ಟ್ರಿಮ್ ಆದೇಶ ಬಂದ ಮೇಲೆ ಅದು ಅಳಿಸಿದ ಜಾಗವನ್ನು ತಾನೇ ಖಾಲಿ ಮಾಡಿಬಿಡುತ್ತದೆ. ಮುಂದೆ ಹೊಸ ಡ್ರೈವ್ ತಂದಾಗ, ಏನನ್ನೂ ಹಾಕುವ ಮೊದಲು ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್3 ಓಡಿಸಿ. ಡ್ರೈವ್ ತುಂಬುವಷ್ಟು ಬರೆದು, ಮರಳಿ ಓದಿ, ನಿಜವಾದ ಗಾತ್ರ ಎಷ್ಟೆಂದು ತೋರಿಸುತ್ತವೆ.