‘ನಾನು’ ಎಂಬ ಪದವಿಲ್ಲದ ಊರಿನ ಕಥೆ

ಪ್ರಶ್ನೆ: ನಾವು ದಾವಣಗೆರೆ ಕಡೆಯ ಕೂಡುಕುಟುಂಬದವರು. ಭಾವನವರ ಮಗಳು ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಅವಳಿಗೆ ಇತಿಹಾಸ ಎಂದರೆ ಪ್ರಾಣ. ನಮ್ಮ ಮನೆಯಲ್ಲಿ ಸೈನ್ಸ್ ಎಂದು ತೀರ್ಮಾನವಾಗಿದೆ, ನೀಟ್ ಕೋಚಿಂಗ್ ಕೂಡ ವಿಚಾರಿಸಿದ್ದಾರೆ. ನಾವು ಕಾಲೇಜಿನಲ್ಲಿದ್ದಾಗ ಓದಿದ ‘ಆಂಥೆಮ್’ ಎಂಬ ಕಿರುಕಾದಂಬರಿಯನ್ನು ಅವಳಿಗೆ ಕೊಡಬೇಕೆಂದು ನನಗೆ ಬಹಳ ಆಸೆ. ಆದರೆ ನಮ್ಮ ಮಾವನವರು ಹುಡುಗಿಯ ತಲೆ ಕೆಡಿಸಿದಳು, ಮನೆ ಒಡೆದಳು ಎಂದಾರು. ಏನು ಮಾಡಲಿ?
– ಹೆಸರು ಬೇಡ

ಪ್ರಿಯ ಸಹೋದರಿ,

ಕೊಡಿ. ಆದರೆ ಇವತ್ತೇ ಬೇಡ.

ನಿಮ್ಮ ಪತ್ರದಲ್ಲಿ ‘ನಾವು’, ‘ನಮ್ಮ’ ನಾಲ್ಕು ಸಲ ಬಂದಿದೆ. ‘ನನಗೆ’ ಬಂದಿರುವುದು ಒಂದೇ ಸಲ, ಅದೂ ಈ ಪುಸ್ತಕದ ಮಾತು ಬಂದಾಗ. ಅದನ್ನು ಓದಿ ಮನಸ್ಸು ತುಂಬಿ ಬಂತು.

ನನಗೂ ಅದು ತೀರಾ ಇಷ್ಟದ ಪುಸ್ತಕ. ಬರೆದ ಅಯ್ನ್ ರ‍್ಯಾಂಡ್ 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವರು. ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ ಅಪ್ಪನ ಔಷಧಿ ಅಂಗಡಿ ಸರ್ಕಾರದ ಪಾಲಾದದ್ದನ್ನು ಕಂಡು, 1926ರಲ್ಲಿ ಅಮೆರಿಕ ಸೇರಿದರು. ಪುಸ್ತಕ ಮೊದಲು ಅಚ್ಚಾದದ್ದು 1938ರಲ್ಲಿ, ಇಂಗ್ಲೆಂಡಿನಲ್ಲಿ. ಆ ಕಥೆಯ ಊರಿನಲ್ಲಿ ಹದಿನೈದು ತುಂಬಿದವರಿಗೆ ಕಸುಬು ಗೊತ್ತುಮಾಡುವುದು ಒಂದು ಮಂಡಳಿ. ವಿದ್ವಾಂಸನಾಗಬೇಕೆಂದು ಹಂಬಲಿಸಿದ ಈಕ್ವಾಲಿಟಿ 7-2521 ಎಂಬ ಹುಡುಗನ ಕೈಗೆ ಕಸಪೊರಕೆ ಬರುತ್ತದೆ. ಹಂಬಲಿಸಿದ್ದೇ ತಪ್ಪು, ಇದು ಅದಕ್ಕೆ ಪ್ರಾಯಶ್ಚಿತ್ತ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ನಿಮ್ಮ ಹುಡುಗಿ ಹಾಗೆ ಒಪ್ಪಿಕೊಂಡುಬಿಟ್ಟಾಳೆಂಬ ಭಯ ತಾನೆ ನಿಮ್ಮದು? ಮುಂದೆ ಅವನು ಹಳೆಯ ಸುರಂಗದಲ್ಲಿ ಕದ್ದು ಕೂತು ವಿದ್ಯುತ್ ದೀಪ ಮಾಡಿ ವಿದ್ವಾಂಸರ ಮುಂದಿಟ್ಟರೆ ಅವರಿಗೆ ಗಾಬರಿ. ಮೇಣದಬತ್ತಿಗೆ ಎಲ್ಲ ಮಂಡಳಿಗಳ ಒಪ್ಪಿಗೆ ಪಡೆಯಲು ಐವತ್ತು ವರ್ಷ ಹಿಡಿದಿತ್ತಂತೆ!

ನನ್ನನ್ನು ಕಟ್ಟಿಹಾಕುವುದು ಇನ್ನೊಂದು ಜಾಗ. ಕಾಡು ಸೇರಿದ ಅವನನ್ನು ಹುಡುಕಿಕೊಂಡು ಬಂದ ಹುಡುಗಿ ಪ್ರೀತಿ ಹೇಳಿಕೊಳ್ಳಲು ಹೋಗುತ್ತಾಳೆ. ‘ನಾವು ನಿಮ್ಮನ್ನು ಪ್ರೀತಿಸುತ್ತೇವೆ’ ಎಂದವಳು, ಇದಲ್ಲ ಎಂದು ತಲೆಯಾಡಿಸುತ್ತಾಳೆ. ಮತ್ತೆ ತಡವರಿಸುತ್ತಾಳೆ. ಬೇಕಾದ ಪದ ಅವಳ ಭಾಷೆಯಲ್ಲೇ ಇಲ್ಲ. ನಮ್ಮಲ್ಲಿ ‘ಬರ್ತೀನಿ’ ಎಂದರೆ ಸಾಕು, ‘ನಾನು’ ಅದರೊಳಗೇ ಬಂದುಬಿಡುತ್ತದೆ. ಆದರೂ ಒಬ್ಬಳೇ ಮಗಳಾದವಳೂ ‘ನಮ್ಮಮ್ಮ’ ಎಂದೇ ಹೇಳುತ್ತಾಳೆ. ಆ ಬೆಚ್ಚನೆಯ ಮಾತನ್ನು ಬಿಡಿ ಎಂದು ನಾನು ಹೇಳಲಾರೆ.

ಮಾವನವರು ಕನಕದಾಸರ ‘ನಾನು ಹೋದರೆ ಹೋದೇನು’ ಎಂಬ ಮಾತನ್ನು ಎತ್ತಬಹುದು. ಎತ್ತಲಿ. ಅಲ್ಲಿ ಹೋಗಬೇಕಾದದ್ದು ಅಹಂಕಾರ. ಇತಿಹಾಸ ಓದ್ತೀನಿ ಅನ್ನುವುದರಲ್ಲಿ ಅಹಂಕಾರವೇನಿದೆ? ಇನ್ನೂ ಒಂದು ಮಾತು: ಮೋಕ್ಷಕ್ಕೆ ಯಾರು ಹೋಗಬಲ್ಲರು ಎಂಬ ಪ್ರಶ್ನೆ ಬಂದಾಗ ಇಡೀ ಸಭೆಯಲ್ಲಿ ಹಾಗೆ ಉತ್ತರ ಕೊಟ್ಟವರು ಕನಕದಾಸರೊಬ್ಬರೇ.

ಇವತ್ತೇ ಬೇಡ ಎಂದದ್ದೇಕೆಂದರೆ, ಈಗ ಕೊಟ್ಟರೆ ನೀವು ಆಡಬೇಕಾದ ಮಾತನ್ನು ಆ ಹುಡುಗಿಯ ಬಾಯಲ್ಲಿ ಆಡಿಸಿದಂತಾಗುತ್ತದೆ. ಬೈಗುಳ ತಿನ್ನುವವಳೂ ಅವಳೇ. ಮೊದಲು ನಿಮ್ಮ ವಾರಗಿತ್ತಿಯ ಹತ್ತಿರ ಕೂತುಕೊಳ್ಳಿ. ಸೊಪ್ಪು ಬಿಡಿಸುವಾಗಲೋ, ಪಾತ್ರೆ ಜೋಡಿಸುವಾಗಲೋ ಆದರೂ ಸರಿ. ‘ಎಲ್ಲರೂ ಹೇಳ್ತಾರೆ’ ಎಂದು ಶುರು ಮಾಡಬೇಡಿ. ‘ಅಕ್ಕಾ, ನನಗೆ ಹೀಗನ್ನಿಸ್ತದೆ, ಅವಳನ್ನೇ ಒಂದ್ಸಲ ಕೇಳೋಣ’ ಅನ್ನಿ. ಭಾವನವರಿಗೆ ಆಕೆಯೇ ಹೇಳಲಿ. ಆರ್ಟ್ಸ್ ತಗೊಂಡರೆ ಮುಂದೇನು ಎಂದು ಕೇಳಿಯೇ ಕೇಳುತ್ತಾರೆ. ಕಾನೂನು, ಅಧ್ಯಾಪನ, ಪುರಾತತ್ವ, ನಾಗರಿಕ ಸೇವೆಗಳ ಬಗ್ಗೆ ತಿಳಿದುಕೊಂಡು ಹೋಗಿ. ಅಷ್ಟಾದ ಮೇಲೂ ಅವರು ಒಪ್ಪದಿರಬಹುದು. ಆಗಲೂ ಚಿಕ್ಕಮ್ಮ ತನ್ನ ಪರ ಮಾತಾಡಿದಳೆಂಬುದು ಹುಡುಗಿಗೆ ಗೊತ್ತಿರುತ್ತದೆ.

ಪಿಯು ಅರ್ಜಿಯ ಗಲಾಟೆ ಮುಗಿದ ಮೇಲೆ ಪುಸ್ತಕ ಕೊಡಿ, ಜೊತೆಗೆ ಕೂತು ಓದಿ. ಕೊನೆಯ ಎರಡು ಅಧ್ಯಾಯ ಕಥೆ ಬಿಟ್ಟು ಭಾಷಣವಾಗಿವೆ, ಅದನ್ನು ಮುಚ್ಚಿಡಬೇಡಿ. ‘ನಾನು’ ಎಂಬ ಪದ ಸಿಕ್ಕ ಮೇಲೆ ಹುಡುಗ ತನಗೆ ಪ್ರಮೀಥಿಯಸ್ ಎಂದು, ಗ್ರೀಕ್ ಪುರಾಣದಲ್ಲಿ ಮನುಷ್ಯರಿಗೆ ಬೆಂಕಿ ತಂದುಕೊಟ್ಟವನ ಹೆಸರನ್ನು, ತಾನೇ ಇಟ್ಟುಕೊಳ್ಳುತ್ತಾನೆ. ಹುಡುಗಿಗೂ ಅವನೇ ಗಾಯಾ ಎಂದು ಗ್ರೀಕರ ಭೂದೇವಿಯ ಹೆಸರಿಡುತ್ತಾನೆ, ಅವಳು ಒಪ್ಪಿಕೊಳ್ಳುತ್ತಾಳೆ. ಆ ಪುಟ ಬಂದಾಗ ನನಗೆ ಪ್ರತಿ ಸಲವೂ ಕಸಿವಿಸಿಯಾಗುತ್ತದೆ. ನಿಮ್ಮ ಹುಡುಗಿಗೆ ಏನನ್ನಿಸಿತು ಎಂದು ಕೇಳಿ, ನನಗೆ ಬರೆಯಿರಿ.