ಹಳೇ ಲ್ಯಾಪ್‌ಟಾಪ್‌ನ ಇನ್‌ಫ್ರಾರೆಡ್ ಪೋರ್ಟ್ ವಿಂಡೋಸ್ ಎಕ್ಸ್‌ಪಿಯಲ್ಲಿ ಕಾಣಿಸುತ್ತಿಲ್ಲ, ಏನು ಮಾಡಲಿ?

ಹಳೇ ಫೋನಿನಲ್ಲಿರುವ ನಂಬರ್‌ಗಳನ್ನು ಇನ್‌ಫ್ರಾರೆಡ್ ಮೂಲಕ ಲ್ಯಾಪ್‌ಟಾಪ್‌ಗೆ ತೆಗೆದುಕೊಳ್ಳಬೇಕು, ಆದರೆ ಎಕ್ಸ್‌ಪಿ ಪೋರ್ಟನ್ನೇ ತೋರಿಸುತ್ತಿಲ್ಲ ಅಂತ ಕೇಳಿದ್ದೀರಿ. ಡ್ರೈವರ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಮೊದಲು ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ ಪರದೆ ನೋಡಿ.

ಇಂಥ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಪೋರ್ಟ್ ಬಯಾಸ್‌ನಲ್ಲೇ ಆಫ್ ಆಗಿರುತ್ತದೆ. ಆನ್ ಮಾಡಿ, ಮೋಡ್ ಕೇಳಿದರೆ ಐಆರ್‌ಡಿಎ (ಫೋನ್, ಲ್ಯಾಪ್‌ಟಾಪ್‌ಗಳು ಬಳಸುವ ಇನ್‌ಫ್ರಾರೆಡ್ ಪದ್ಧತಿ) ಅಂತ ಆರಿಸಿ. ಪಕ್ಕದಲ್ಲೇ ಎಎಸ್‌ಕೆ ಐಆರ್ ಅನ್ನುವ ಆಯ್ಕೆಯೂ ಇರಬಹುದು. ಅದು ಬೇರೆಯೇ ಪದ್ಧತಿ, ನಿಮ್ಮ ಫೋನಿಗೆ ಅದು ಅರ್ಥವಾಗುವುದಿಲ್ಲ. ಸಾಮಾನ್ಯವಾಗಿ ಇನ್‌ಫ್ರಾರೆಡ್ ಪೋರ್ಟ್ ಕಾಮ್ 2ರ (ಎರಡನೇ ಸೀರಿಯಲ್ ಪೋರ್ಟ್) ಜಾಗದಲ್ಲಿ, ಅಂದರೆ 2ಎಫ್8 ವಿಳಾಸ ಮತ್ತು ಐಆರ್‌ಕ್ಯೂ 3ರಲ್ಲಿ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತದ ದಾರಿ) ಕೂರುತ್ತದೆ. ಮೋಡೆಮ್ ಅದೇ ಜಾಗ ಹಿಡಿದಿದ್ದರೆ ಎರಡೂ ಕೈಕೊಡುತ್ತವೆ. ಒಂದನ್ನು ಬೇರೆ ಕಡೆ ಹಾಕಿ.

ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಇನ್‌ಫ್ರಾರೆಡ್ ಡಿವೈಸಸ್ ಅಂತ ಬಂತಾ ನೋಡಿ. ಬಂದರೂ ಸಂಪರ್ಕ ಸಿಗದಿದ್ದರೆ, ಅದರ ಸೆಟ್ಟಿಂಗ್‌ನಲ್ಲಿ ಗರಿಷ್ಠ ವೇಗವನ್ನು ಸೆಕೆಂಡಿಗೆ 115200 ಬಿಟ್‌ಗೆ ಇಳಿಸಿ. 4 ಮೆಗಾಬಿಟ್‌ನ ಫಾಸ್ಟ್ ಮೋಡ್‌ಗೆ ಚಿಪ್‌ನ ಸರಿಯಾದ ಡ್ರೈವರ್ ಬೇಕು, ಡಿಎಂಎ ಚಾನೆಲ್ಲೂ (ಪ್ರೊಸೆಸರ್ ನೆರವಿಲ್ಲದೆ ಮೆಮೊರಿಗೆ ಡೇಟಾ ಸಾಗಿಸುವ ದಾರಿ) ಬೇಕು. ನಂಬರ್‌ಗಳಿಗೆ ಅಷ್ಟು ವೇಗ ಬೇಕಾಗಿಲ್ಲ ಅಲ್ವಾ?

ಫೋನ್ ಕಂಪನಿಯ ಹಳೇ ಸಾಫ್ಟ್‌ವೇರ್ ಕಾಮ್ ಪೋರ್ಟ್ ಕೇಳಿದರೆ ಗಾಬರಿಯಾಗಬೇಡಿ. ವಿಂಡೋಸ್ 98 ಇನ್‌ಫ್ರಾರೆಡ್‌ಗೆ ಒಂದು ವರ್ಚುವಲ್ ಕಾಮ್ ಪೋರ್ಟ್ ಕೊಡುತ್ತಿತ್ತು. ವಿಂಡೋಸ್ 2000 ಮತ್ತು ಎಕ್ಸ್‌ಪಿಯಲ್ಲಿ ಅದನ್ನು ತೆಗೆದುಬಿಟ್ಟರು, ನನಗೆ ಈಗಲೂ ಅದು ಬೇಸರದ ವಿಷಯ. ಐಆರ್‌ಕಾಮ್2ಕೆ ಅನ್ನುವ ಡ್ರೈವರ್ ಹಾಕಿಕೊಂಡರೆ ಆ ಪೋರ್ಟ್ ಮರಳಿ ಸಿಗುತ್ತದೆ. ಆದರೆ ಫೋನಿನಲ್ಲೇ 'ಇನ್‌ಫ್ರಾರೆಡ್ ಮೂಲಕ ಕಳಿಸು' ಅಂತಿದ್ದರೆ ಅದೇ ಸುಲಭ. ನಂಬರ್ ವಿಕಾರ್ಡ್ (ಹೆಸರು, ನಂಬರ್ ಇರುವ ಸಂಪರ್ಕ ಕಾರ್ಡ್) ಫೈಲ್ ಆಗಿ ನೇರವಾಗಿ ಡೆಸ್ಕ್‌ಟಾಪ್‌ಗೆ ಬಂದು ಕೂರುತ್ತದೆ.

ಲಿನಕ್ಸ್ ಹಾಕಿ ನೋಡುವ ಯೋಚನೆ ಇದ್ದರೆ ಹಳೇ ಆವೃತ್ತಿಯೇ ಬೇಕು. 2018ರ 4.17 ಕರ್ನಲ್‌ನಲ್ಲಿ ಐಆರ್‌ಡಿಎ ಬೆಂಬಲವನ್ನೇ ತೆಗೆದರು.

ಇಷ್ಟಾದರೂ ಆಗಲಿಲ್ಲವೇ? ಕತ್ತಲೆ ಕೋಣೆಯಲ್ಲಿ ಮೊಬೈಲ್‌ನ ಮುಂದಿನ ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ನ ಇನ್‌ಫ್ರಾರೆಡ್ ಪೋರ್ಟ್‌ನ ಕಪ್ಪು ಕಿಟಕಿಯನ್ನು ನೋಡಿ. ಪೋರ್ಟ್ ಬೇರೆ ಸಾಧನ ಹುಡುಕುವಾಗ ಮಂದವಾಗಿ ಮಿನುಗಿದರೆ ಹಾರ್ಡ್‌ವೇರ್ ಜೀವಂತ ಅಂತ ಲೆಕ್ಕ. ಕೆಲವು ಕ್ಯಾಮೆರಾಗಳು ಈ ಬೆಳಕನ್ನು ತಡೆಯುತ್ತವೆ, ಹಾಗಾಗಿ ಕಾಣದಿದ್ದರೆ ಸುಮ್ನೆ ಕೈಬಿಡಬೇಡಿ, ಇನ್ನೊಂದು ಫೋನ್‌ನಲ್ಲಿ ನೋಡಿ. ಕಳಿಸುವಾಗ ಎರಡೂ ಕಿಟಕಿಗಳು ಎದುರುಬದುರು ಇರಲಿ, ನಡುವೆ ಒಂದು ಗೇಣಿಗಿಂತ ಜಾಸ್ತಿ ದೂರ ಬೇಡ, ನೇರ ಬಿಸಿಲೂ ಬೀಳದಿರಲಿ.