ಮಳೆಗಾಲ ತಪ್ಪಿದರೆ ಪಿಎಚ್‌ಡಿ ಒಂದು ವರ್ಷ ಹಿಂದಕ್ಕೆ

ಪ್ರಶ್ನೆ: ಮಗಳು ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಮುಗಿಸಿದ್ದಾಳೆ, ಶೇ. 58 ಅಂಕ. ಎಂಬಿಬಿಎಸ್ ಓದದವರನ್ನು ಮೆಡಿಕಲ್ ಕಾಲೇಜಿನಲ್ಲಿ ಪಿಎಚ್‌ಡಿಗೆ ತೆಗೆದುಕೊಳ್ಳುತ್ತಾರೆಯೇ? ಖರ್ಚು ನಾವೇ ನೋಡಿಕೊಳ್ಳಬೇಕೇ?
– ಓದುಗರು, ಕಾರ್ಕಳ

ಉತ್ತರ: ತೆಗೆದುಕೊಳ್ಳುತ್ತಾರೆ. ಯುಜಿಸಿಯ 2022ರ ನಿಯಮದ ಪ್ರಕಾರ ಅರ್ಜಿ ಹಾಕಲು ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಇದ್ದರೆ ಸಾಕು. ಮಣಿಪಾಲದ ಕೆಎಂಸಿ, ದೇರಳಕಟ್ಟೆಯ ಕ್ಷೇಮ, ಯೆನೆಪೋಯ ಇವೆಲ್ಲ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿದವು. ಅರ್ಜಿ ಹಾಕಬೇಕಾದದ್ದು ಆಯಾ ವಿಶ್ವವಿದ್ಯಾಲಯಕ್ಕೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ಗಿಟ್ಟಿಸಿಕೊಂಡರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ., ಮನೆಬಾಡಿಗೆ ಭತ್ಯೆ ಬೇರೆ. ಗೈಡ್‌ರ ಪ್ರಾಜೆಕ್ಟಿನಿಂದ ಸ್ಟೈಪೆಂಡ್ ಕೊಡುತ್ತೇವೆ ಎಂದರೆ ಆ ಪ್ರಾಜೆಕ್ಟ್ ಮುಗಿಯುವ ತಾರೀಖನ್ನು ಸಂಕೋಚಪಡದೆ ಕೇಳಿ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ ಬೇಕು, ಪ್ರಾಜೆಕ್ಟ್ ಅಷ್ಟು ಕಾಲ ಇರುತ್ತದೆಂಬ ಖಾತರಿಯಿಲ್ಲ. ಮುಂದೆ ಮೆಡಿಕಲ್ ಕಾಲೇಜಿನಲ್ಲೇ ಪಾಠ ಮಾಡುವ ಆಸೆಯಿದ್ದರೆ, ಎಂಎಸ್ಸಿ–ಪಿಎಚ್‌ಡಿಯವರ ನೇಮಕದ ನಿಯಮ ಹಲವು ಸಲ ಬದಲಾಗಿದೆ. ಸೇರುವ ಮೊದಲು ಆ ವರ್ಷದ ನಿಯಮವನ್ನು ಓದಿಕೊಳ್ಳಲಿ.

ಪ್ರಶ್ನೆ: ಪಿಎಚ್‌ಡಿಗೆ ಈಗಷ್ಟೇ ಸೇರಿದ್ದೇನೆ. ವಿಷಯ, ಇಲಿಜ್ವರ ಮತ್ತು ಮೆಲಿಯಾಯ್ಡೋಸಿಸ್ (ಮಣ್ಣು–ನೀರಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ರೋಗಿಗಳ ರೋಗನಿರೋಧಕ ಪ್ರತಿಕ್ರಿಯೆ. ಕೋರ್ಸ್‌ವರ್ಕ್ ಮುಗಿಸಿ ನಿಧಾನಕ್ಕೆ ಸ್ಯಾಂಪಲ್ ಶುರುಮಾಡಿದರೆ ಸಾಲದೇ?
– ಸಂಶೋಧನಾರ್ಥಿ, ಕುಂದಾಪುರ

ಉತ್ತರ: ಸಾಲದು. ನಿಮ್ಮ ಎರಡೂ ಕಾಯಿಲೆ ಮಳೆಯ ಜೊತೆ ಬರುವಂಥವು. ಜೂನ್‌ನಿಂದ ಸೆಪ್ಟೆಂಬರ್ ಕೈತಪ್ಪಿದರೆ ಮುಂದಿನ ಮಳೆಗಾಲದವರೆಗೆ ಕೈಕಟ್ಟಿ ಕೂರಬೇಕು. ಆದ್ದರಿಂದ ಜೂನ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ: ಮೇ ತಿಂಗಳಲ್ಲಿ ಕಿಟ್ ಮತ್ತು ಟ್ಯೂಬ್‌ಗಳು ಕೈಯಲ್ಲಿರಬೇಕು, ಏಪ್ರಿಲ್ ಒಳಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗಬೇಕು, ಡಿಸೆಂಬರ್–ಜನವರಿಯಲ್ಲೇ ಅರ್ಜಿ ಹೋಗಿರಬೇಕು. ಕಮಿಟಿ ಒಂದು ಸುತ್ತಾದರೂ ಪ್ರಶ್ನೆ ಕೇಳಿ ವಾಪಸ್ ಕಳಿಸುತ್ತದೆ ಎಂದೇ ಇಟ್ಟುಕೊಳ್ಳಿ. ರೋಗಿಗಳು ಸಹಿ ಮಾಡುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಮಂಗಳೂರಿನ ಆಸ್ಪತ್ರೆಗಳಲ್ಲಿ ಸಾಲುವುದಿಲ್ಲ, ಕಾಸರಗೋಡಿನ ರೋಗಿಗಳಿಗೆ ಮಲಯಾಳದ್ದೂ ಬೇಕು. ಜೈವಿಕ ಸುರಕ್ಷತಾ ಸಮಿತಿಗೆ ಬೇರೆಯೇ ಅರ್ಜಿ.

ಪ್ರತಿ ಸ್ಯಾಂಪಲ್ ಜೊತೆ ಅದು ಜ್ವರದ ಎಷ್ಟನೇ ದಿನದ್ದು, ಆ್ಯಂಟಿಬಯಾಟಿಕ್ ಆಗಲೇ ಶುರುವಾಗಿದೆಯೇ ಎಂಬುದನ್ನು ಬರೆದಿಡಿ. ಇಲಿಜ್ವರದಲ್ಲಿ ರಕ್ತದ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮೊದಲ ವಾರದಲ್ಲಿ ಉಪಯೋಗಕ್ಕೆ ಬರುತ್ತದೆ. ಐಜಿಎಂ (ಸೋಂಕಿನ ಆರಂಭದ ಪ್ರತಿಕಾಯ) ಸಾಮಾನ್ಯವಾಗಿ 5–7ನೇ ದಿನದ ಬಳಿಕವೇ ಕಾಣಿಸುತ್ತದೆ. ದಿನ ಬರೆಯದ ಸ್ಯಾಂಪಲ್‌ನಲ್ಲಿ ‘ನೆಗೆಟಿವ್’ ಎಂಬುದಕ್ಕೆ ಅರ್ಥವೇ ಇಲ್ಲ. ಪ್ರತಿಕಾಯ ಏರಿದೆಯೇ ಎಂದು ನೋಡುವ ಮ್ಯಾಟ್ ಪರೀಕ್ಷೆಗೆ 10–14 ದಿನ ಬಿಟ್ಟು ಎರಡನೇ ರಕ್ತ ಬೇಕು. ಜ್ವರ ಬಿಟ್ಟವರು ಬೈಂದೂರಿನಿಂದ ಬಸ್ಸು ಹತ್ತಿ ಮತ್ತೆ ಬರಲಿ ಎಂದರೆ ಬರುವವರು ಕಡಿಮೆ. ಬಸ್ ಚಾರ್ಜನ್ನು ಬಜೆಟ್ಟಿನಲ್ಲೂ ಎಥಿಕ್ಸ್ ಅರ್ಜಿಯಲ್ಲೂ ಮೊದಲೇ ನಮೂದಿಸಿ.

ಮೆಲಿಯಾಯ್ಡೋಸಿಸ್‌ನ ರೋಗಾಣು ಕಲ್ಚರ್‌ನಲ್ಲಿ ಬಂದರೂ ‘ಸ್ಯೂಡೋಮೊನಾಸ್’ ಎಂದೋ ‘ಕಂಟಾಮಿನೇಷನ್’ ಎಂದೋ ಪ್ಲೇಟು ಬುಟ್ಟಿಗೆ ಹೋಗಿಬಿಡುತ್ತದೆ. ಆ್ಯಂಟಿಬಯಾಟಿಕ್‌ಗಳ ಪೈಕಿ ಕೊಲಿಸ್ಟಿನ್‌ಗೆ ಜಗ್ಗದೆ, ಅಮಾಕ್ಸಿಸಿಲಿನ್–ಕ್ಲಾವುಲನೇಟ್‌ಗೆ ಮಣಿಯುವ ಗ್ರಾಂ ನೆಗೆಟಿವ್ ಬ್ಯಾಸಿಲಸ್ ಕಂಡರೆ ನಿಮಗೆ ಫೋನ್ ಮಾಡುವಂತೆ ಲ್ಯಾಬಿನವರಿಗೆ ಹೇಳಿಡಿ. ಅನುಮಾನ ಬಂದ ಪ್ಲೇಟನ್ನು ಜೈವಿಕ ಸುರಕ್ಷತಾ ಕ್ಯಾಬಿನೆಟ್ ಒಳಗೇ ತೆರೆಯಿರಿ, ಮೂಸಿ ನೋಡುವ ಹಳೆಯ ಅಭ್ಯಾಸ ಖಂಡಿತ ಬೇಡ.

ಹೋಲಿಕೆಗೆ ಬೇಕಾದ ಆರೋಗ್ಯವಂತರ ಕಂಟ್ರೋಲ್ ಗುಂಪಿಗೆ ಹಾಸ್ಟೆಲ್ ವಿದ್ಯಾರ್ಥಿಗಳ ರಕ್ತ ತೆಗೆಯುವುದು ಸುಲಭದ ದಾರಿ, ಆದರೆ ಥೀಸಿಸ್ ಅಲ್ಲೇ ದುರ್ಬಲವಾಗುತ್ತದೆ. ವರ್ಷವರ್ಷವೂ ಗದ್ದೆಗಿಳಿಯುವ ಐವತ್ತರ ರೈತರ ರಕ್ತದಲ್ಲಿ ಹಳೆಯ ಸೋಂಕಿನ ಪ್ರತಿಕಾಯಗಳು ಇರಬಹುದು. ಅದನ್ನು ಇಪ್ಪತ್ತರ ಹುಡುಗರ ರಕ್ತದ ಜೊತೆ ಹೋಲಿಸಿದರೆ ತೋರುವುದು ವಯಸ್ಸು ಮತ್ತು ಕಸುಬಿನ ವ್ಯತ್ಯಾಸವೂ ಆಗಬಹುದು. ಅದೇ ಊರು, ಅದೇ ತಿಂಗಳು, ಹತ್ತಿರದ ವಯಸ್ಸಿನವರನ್ನು ಹುಡುಕಿ.

ಪ್ರಶ್ನೆ: ಫೈಕಾಲ್ (ರಕ್ತಕಣಗಳನ್ನು ಸಾಂದ್ರತೆಯ ಮೇಲೆ ಬೇರೆ ಮಾಡುವ ದ್ರವ) ಮೇಲೆ ಪಿಬಿಎಂಸಿ (ರಕ್ತದ ಒಂದು ಬಗೆಯ ಬಿಳಿ ಕಣಗಳು) ಬೇರ್ಪಡಿಸುವಾಗ ಬಿಳಿ ಉಂಗುರದಲ್ಲಿ ಕೆಂಪು ರಕ್ತಕಣ ಬೆರೆಯುತ್ತದೆ. ಫ್ರೀಜ್ ಮಾಡಿಟ್ಟ ಕಣಗಳು ಕರಗಿಸಿದಾಗ ಅರ್ಧಕ್ಕರ್ಧ ಸತ್ತಿರುತ್ತವೆ.
– ಸಂಶೋಧನಾರ್ಥಿ, ದೇರಳಕಟ್ಟೆ

ಉತ್ತರ: ಮೊದಲು ಫೈಕಾಲ್ ಎಷ್ಟು ತಣ್ಣಗಿದೆ ನೋಡಿ. 1.077 ಸಾಂದ್ರತೆ ಎಂಬುದು ಸುಮಾರು 20 ಡಿಗ್ರಿಯ ಲೆಕ್ಕ. ಫ್ರಿಜ್‌ನಿಂದ ನೇರ ತೆಗೆದದ್ದನ್ನು ಬಳಸಿದರೆ ಕೆಂಪು ಕಣ ಸರಿಯಾಗಿ ಇಳಿಯುವುದಿಲ್ಲ. ರಕ್ತವನ್ನೂ ಫ್ರಿಜ್‌ಗೆ ಹಾಕಬೇಡಿ, 8 ಗಂಟೆಯೊಳಗೆ ಮುಗಿಸಿ. ಸಮಪಾಲು ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಬೆರೆಸಿದ 30 ಮಿ.ಲೀ. ರಕ್ತವನ್ನು 15 ಮಿ.ಲೀ. ಫೈಕಾಲ್ ಮೇಲೆ ಕಲಕದಂತೆ ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ 400 ಜಿ (ಗುರುತ್ವದ 400 ಪಟ್ಟು) ಬಲದಲ್ಲಿ 30 ನಿಮಿಷ ತಿರುಗಿಸಿ, ಬ್ರೇಕ್ ಆಫ್ ಇರಲಿ. 400 ಜಿ ಎಂದರೆ ರೋಟರ್ ತ್ರಿಜ್ಯ 16 ಸೆಂ.ಮೀ. ಇದ್ದಾಗ ಸುಮಾರು 1,500 ಆರ್‌ಪಿಎಂ, 10 ಸೆಂ.ಮೀ. ಇದ್ದಾಗ ಸುಮಾರು 1,900. ಪಕ್ಕದ ಲ್ಯಾಬಿನ ಪ್ರೋಟೊಕಾಲ್‌ನಿಂದ ಆರ್‌ಪಿಎಂ ನಕಲು ಮಾಡಿದವರ ಎಡವಟ್ಟು ಹೆಚ್ಚಾಗಿ ಇಲ್ಲೇ. ಆರೋಗ್ಯವಂತರ ಒಂದು ಮಿ.ಲೀ. ರಕ್ತಕ್ಕೆ 10–20 ಲಕ್ಷ ಕಣ ಸಿಕ್ಕಿದರೆ ಸರಿಯಿದೆ ಎನ್ನಿ.

ಫ್ರೀಜ್ ಮಾಡಲು ಶೇ. 90 ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಂ), ಶೇ. 10 ಡಿಎಂಎಸ್‌ಒ (ಮಂಜಿನ ಹರಳಿನಿಂದ ಕಣಗಳನ್ನು ಕಾಪಾಡುವ ದ್ರಾವಕ). ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸುವ ಡಬ್ಬಿಯಲ್ಲಿಟ್ಟು ರಾತ್ರಿ ಮೈನಸ್ 80ರಲ್ಲಿರಿಸಿ, ಮಾರನೇ ದಿನ ದ್ರವ ಸಾರಜನಕಕ್ಕೆ ಸಾಗಿಸಿ. ತಿಂಗಳುಗಟ್ಟಲೆ ಮೈನಸ್ 80ರಲ್ಲೇ ಬಿಟ್ಟ ಕಣಗಳು ಸಾಯುತ್ತವೆ, ಅದರ ಮೇಲೆ ಕರೆಂಟು ಹೋಗಿ ಜನರೇಟರ್ ತಡವಾದರಂತೂ ಮುಗಿಯಿತು. ಕರಗಿಸುವಾಗ 37 ಡಿಗ್ರಿಯ ನೀರಿನಲ್ಲಿ ಚೂರು ಮಂಜು ಉಳಿದಿರುವಾಗಲೇ ತೆಗೆದು, ಬೆಚ್ಚಗಿನ ಮೀಡಿಯಂ ಅನ್ನು ಹನಿಹನಿಯಾಗಿ ಸೇರಿಸಿ. ಸತ್ತ ಕಣಗಳಿಗೆ ಮಾತ್ರ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂನಲ್ಲಿ ಬದುಕಿರುವ ಕಣ ಶೇ. 70ಕ್ಕಿಂತ ಕಡಿಮೆ ಕಂಡರೆ ಆ ವಯಲ್‌ನಿಂದ ಸೈಟೊಕೈನ್ (ರೋಗನಿರೋಧಕ ಕಣಗಳ ಸಂದೇಶವಾಹಕ ಪ್ರೋಟೀನ್) ಪ್ರಯೋಗ ಮಾಡಬೇಡಿ.